ಗುರುಬಾಯಿ ಅಕ್ಕನ ಹೂಚೀಟಿ

ಗುರುಬಾಯಿ ಅಕ್ಕ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನೆಗೆಣ್ಣಿಯರು ಅಂದ ಕೂಡಲೇ ಜನ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಾರೆ, ಜಗಳದ ಕತೆ ಯಾವಾಗ ಬರುತ್ತದೋ ಎಂದು. ಬರುತ್ತದೆ, ಸ್ವಲ್ಪ ತಡೆಯಿರಿ. ನಾವೇನು ಜಗಳ ಆಡದ ಪುಣ್ಯವಂತರಲ್ಲ. ನನ್ನ ಬಾಯಿ ಸೊಲ್ಲಾಪುರದ್ದು, ಚಾದರದ ಅಂಗಡಿ ಇಟ್ಟವರ ಮನೆಯದ್ದು. ಗಿರಾಕಿ ಒಂದು ಅಂದರೆ ನಾಲ್ಕು ಅನ್ನುವುದನ್ನು ತೊಟ್ಟಿಲಲ್ಲೇ ಕಲಿತವಳು ನಾನು. ಅಕ್ಕನದು ಕುರನೂರಿನ ಒಕ್ಕಲುತನದ ಮನೆಯ ಬಾಯಿ. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಆದರೆ ಆ ನಾಲ್ಕನ್ನು ದಾಟಿ ಹೋಗುವ ಧೈರ್ಯ ಅವಳ ಗಂಡ ಚನ್ನವೀರಪ್ಪ ಮಾವನಿಗೂ ಇರಲಿಲ್ಲ.

ಹೋದ ವರ್ಷ ಶ್ರಾವಣ ಮುಗಿಯುವ ಮೊದಲೇ ಅಕ್ಕ ಹೋಗಿಬಿಟ್ಟಳು. ಈಗ ಊರಿನ ಹಾಲೆಲ್ಲ ಬಸ್ ಸ್ಟ್ಯಾಂಡಿನ ಪಕ್ಕದ ಪತ್ರಾಸ್ ತಗಡಿನ ಶೆಡ್ಡಿಗೆ ಹೋಗುತ್ತದೆ. ಅಲ್ಲೊಂದು ಯಂತ್ರ ಇದೆ, ಹಾಲು ಸುರಿದರೆ ಕಿರ್ ಎಂದು ಕಾಗದ ಉಗುಳುತ್ತದೆ. ಅದಕ್ಕೆ ಯಾರ ಹಾಲಾದರೇನು, ಯಾರ ಎಮ್ಮೆ ಈದರೇನು! ನಮ್ಮ ಮನೆಯ ಮುಂದಿನ ಕಟ್ಟೆ ಮಾತ್ರ ಬೆಳಗಿನ ಹೊತ್ತು ಖಾಲಿ ಕೂತಿರುತ್ತದೆ. ನಾನು ಚಹಾದ ಕಪ್ಪು ಹಿಡಿದು ಹೊರಗೆ ಬಂದವಳು ಅದನ್ನು ನೋಡಿ ಒಳಗೆ ಹೋಗುತ್ತೇನೆ. 

ಆ ಕಟ್ಟೆಯೇ ಊರಿನ ಹಾಲಿನ ಕೇಂದ್ರವಾಗಿತ್ತು. ಡೇರಿಯವರ ಪರವಾಗಿ ಹಾಲು ಅಳೆದುಕೊಂಡು ದೊಡ್ಡ ಕ್ಯಾನುಗಳಿಗೆ ತುಂಬಿಸಿ, ಸೊಲ್ಲಾಪುರದ ಕಡೆ ಹೋಗುವ ಟೆಂಪೋಕ್ಕೆ ಏರಿಸುವವಳು ಅಕ್ಕ. ನಾನು ಮದುವೆಯಾಗಿ ಬಂದಾಗಲೇ ಅದು ನಡೆದಿತ್ತು. ನಸುಕಿನಲ್ಲಿ ಎದ್ದು, ಮಿಂದು, ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಹೊರಬರುವಳು. ವಿಭೂತಿ ಎಂದರೆ ಅಂಗಡಿಯ ಗಟ್ಟಿ ಅಲ್ಲ. ತನ್ನ ಆಕಳ ಸಗಣಿಯನ್ನೇ ಕುಳ್ಳು ತಟ್ಟಿ, ಸುಟ್ಟು, ಬಟ್ಟೆಯಲ್ಲಿ ಸೋಸಿ ಮಾಡಿದ ಬೂದಿ. ಅದೇ ಬೆರಳುಗಳಿಂದ ತಕ್ಕಡಿಗೆ ಇಷ್ಟು, ಕ್ಯಾನಿಗೆ ಇಷ್ಟು, ಅಳೆಯುವ ಮಾಪಿಗೆ ಇಷ್ಟು ವಿಭೂತಿ ಹಚ್ಚುವಳು. ಅದು ದಿನದ ಬೋಣಿ. ಅದಾದ ಮೇಲೆಯೇ "ಬರ್ರಿ" ಎನ್ನುವಳು.

ಮೊದಲು ಬರುವವಳು ಯಾವಾಗಲೂ ಸುಗಲಾಬಾಯಿ. ಹಿಂದಿನ ಓಣಿಯವಳು. ಅವಳೂ ಅಕ್ಕನೂ ಒಂದೇ ವರ್ಷ ಈ ಊರಿಗೆ ಸೊಸೆಯಂದಿರಾಗಿ ಬಂದವರು, ಬೋರಿ ನದಿಗೆ ಬಟ್ಟೆ ಒಗೆಯಲು ಜೊತೆಗೆ ಹೋದವರು. ಅವಳು ಕ್ಯಾನು ಇಳಿಸುವುದು, ಅಕ್ಕ ಮುಚ್ಚಳ ತೆಗೆದು ಬಗ್ಗಿ ಮೂಸುವುದು, ಇಬ್ಬರೂ ಒಂದು ಮಾತೂ ಆಡದೆ ನಗುವುದು. ಅವರ ಬೆಳಗು ಹಾಗೆ ಶುರುವಾಗುತ್ತಿತ್ತು.

ಅಕ್ಕನ ಮೂಗಿನ ಬಗ್ಗೆ ಹೇಳಲೇಬೇಕು. ನನ್ನ ಗಂಡ ಶಂಕರೆಪ್ಪ ಒಮ್ಮೆ ಎಮ್ಮೆಗೆ ಉಳ್ಳಾಗಡ್ಡಿ ತಪ್ಪಲು ಹಾಕಿದ್ದ. ಮರುದಿನ ಅಕ್ಕ ಕ್ಯಾನು ಮೂಸಿ, "ಶಂಕರ, ಇದನ್ನ ಮನಿಗೆ ಒಯ್ದು ನೀನ ಕುಡಿ" ಅಂದಳು. ಸ್ವಂತ ಮೈದುನ! ಊರೆಲ್ಲ ನಿಂತು ನೋಡುತ್ತಿತ್ತು. ನನ್ನ ಗಂಡ ಎಂಟು ದಿನ ಸಿಟ್ಟು ಮಾಡಿಕೊಂಡು ಅಣ್ಣನ ಮನೆಯ ಚಹಾ ಮುಟ್ಟಲಿಲ್ಲ. ಒಂದೇ ವಾಡೆಯಲ್ಲಿ ಎರಡು ಒಲೆ ನಮ್ಮವು, ಎಷ್ಟು ದಿನ ಸಿಟ್ಟು ಮಾಡಿಕೊಳ್ಳಲು ಸಾಧ್ಯ? ಅಕ್ಕ ಮಾಡಿದ ಶೇಂಗಾ ಹೋಳಿಗೆಯ ವಾಸನೆ ಬಂದ ದಿನ ಸಿಟ್ಟು ತಾನಾಗಿ ಇಳಿಯಿತು.

ಹೀಗಿರುವಾಗ ಡೇರಿಯಿಂದ ಅವಿನಾಶ ಎಂಬ ಹುಡುಗ ಹಾಲು ಪರೀಕ್ಷಿಸುವ ಕಾಗದದ ಚೀಟಿಗಳನ್ನು ತಂದ. ಹುಡುಗ ಎಂದೆ, ಡೇರಿಯ ತಪಾಸಣೆ ಸಾಹೇಬ ಅವನು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡುವವನು, ಅಕ್ಕನಿಗೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವವನು. ಒಂದೊಂದು ಚೀಟಿ ಬೆರಳುದ್ದ ಇತ್ತು. ಒಂದು ತುದಿಗೆ ಬಾಲ, ಇನ್ನೊಂದು ತುದಿಗೆ ಮೂರು ಎಸಳಿನ ಹೂವು. ಮುಟ್ಟಿದರೆ ಮೆತ್ತಗೆ, ಸಾಲಿಯಲ್ಲಿ ನಾವು ಮಸಿ ಒತ್ತುತ್ತಿದ್ದ ಕಾಗದದ ಹಾಗೆ.

"ಮಾವಶಿ, ಬಾಲದ ಮ್ಯಾಲ ಒಂದ ಹನಿ ಹಾಲ ಬಿಡ್ರಿ. ಫಕ್ತ ಒಂದ," ಅಂದ ಅವಿನಾಶ.

ಅಕ್ಕ ಬಿಟ್ಟಳು. ಕೊಬ್ಬು ಬಾಲದಲ್ಲೇ ಉಳಿದು, ತಿಳಿ ಮಾತ್ರ ಕಾಗದದೊಳಗೆ ಹರಿಯತೊಡಗಿತು. ಸರಸರ ಅಲ್ಲ, ಮೆಲ್ಲಗೆ. ಬಾಲ ದಾಟಿ, ಕವಲು ಒಡೆದು, ಮೂರು ಎಸಳುಗಳಿಗೂ ಹೋಗಿ ತುಂಬಿತು. ಗೆರೆಯ ಹೊರಗೆ ಒಂದು ಚೂರೂ ಹರಡಲಿಲ್ಲ.

"ಅಯ್ಯ ಶಿವನ! ಯಾರೂ ನೂಕಂಗಿಲ್ಲ, ಯಾರೂ ಎಳ್ಯಂಗಿಲ್ಲ, ತಾನ ನಡಕೋತ ಹೊಂಟದಲ್ಲೋ ಇದು!" ಅಂದಳು ಅಕ್ಕ. ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದದ್ದು ಕೇಳಿ ನಾನೇ ಬೆರಗಾದೆ.

"ದೀಪದ ಬತ್ತಿ ಎಣ್ಣಿ ಹೀರತದಲ್ರಿ, ಹಂಗ ಮಾವಶಿ. ಹರಿಯೋ ದಾರಿ ಬಿಟ್ಟು ಉಳಿದ ಕಡಿ ಮೇಣ ಹಾಕ್ಯಾರ, ಅಲ್ಲಿ ಹಾಲು ಹೋಗಂಗಿಲ್ಲ," ಅಂದ ಅವನು. ಒಂದು ಎಸಳು ಹಿಟ್ಟು ಬೆರೆಸಿದ್ದನ್ನು ಹಿಡಿಯುತ್ತದೆ, ಒಂದು ಯೂರಿಯಾ ಹಿಡಿಯುತ್ತದೆ, ಮೂರನೆಯದು ಸೋಡಾ. ಬೇಸಿಗೆಯಲ್ಲಿ ಹಾಲು ಒಡೆಯಬಾರದೆಂದು ಕೆಲವರು ಸೋಡಾಪುಡಿ ಹಾಕುತ್ತಾರೆ. ಹಾಕಿದ್ದರೆ ಹಳದಿ ಎಸಳು ಕೆಂಪಗಾಗುತ್ತದೆ. ಮೂರು ಸಲ ಕೆಂಪಾದರೆ ಆ ಮನೆಯ ಹಾಲು ಡೇರಿಗೆ ಬಂದ್. ಹೋಗುವಾಗ ಅವಿನಾಶ ಇನ್ನೊಂದು ಮಾತು ಹೇಳಿದ: "ಕೈ ಮಾತ್ರ ಸ್ವಚ್ಛ ಇರಬೇಕ್ರಿ."

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಪೂಜಿ ಮಾಡಿ ಬರಾಕಿ ನಾ," ಅಂದಳು.

ಹೂಚೀಟಿ ಎಂದು ಹೆಸರಿಟ್ಟವಳು ಅಕ್ಕನೇ. ಬಂದ ಮೊದಲ ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟು, ಹೂವು ಏರಿಸಿ ಪೂಜೆ ಮಾಡಿದಳು. ನಾನು ನಕ್ಕೆ. "ನಗು, ನಗು. ನಿಮ್ಮಪ್ಪನ ಅಂಗಡ್ಯಾಗ ಗಜಕಟ್ಟಿಗಿಗೆ ಪೂಜಿ ಮಾಡತಿದ್ದಿಲ್ಲೇನ?" ಅಂದಳು. ಮಾಡುತ್ತಿದ್ದರು, ಬಟ್ಟೆ ಅಳೆಯುವ ಆ ಕೋಲಿಗೆ, ದಸರೆಗೆ.  ಆಮೇಲೆ ಕಟ್ಟೆಯೇ ಒಂದು ತಮಾಷೆಯ ಜಾಗವಾಯಿತು. ಹಾಲು ತಂದವರೆಲ್ಲ ತಲೆಗೆ ತಲೆ ಹಚ್ಚಿ ಚೀಟಿ ನೋಡುವರು, ಯಾವ ಎಸಳು ಮೊದಲು ತುಂಬುತ್ತದೆಂದು ಪಣ ಕಟ್ಟುವರು. ಆ ನಗು, ಆ ಗದ್ದಲ ನೆನೆದರೆ ಈಗಲೂ ಅಲ್ಲಿಗೆ ಓಡಿಹೋಗಿ ನಿಲ್ಲಬೇಕು ಅನ್ನಿಸುತ್ತದೆ.

ಮೊದಲು ಬಂದ ಚೀಟಿಗಳು ಒಂದೊಂದೂ ಪ್ಲಾಸ್ಟಿಕ್ ಲಕೋಟೆಯಲ್ಲಿ ಇರುತ್ತಿದ್ದವು. ಅಕ್ಕ ಬೋಣಿಯ ವಿಭೂತಿಯನ್ನು ಲಕೋಟೆಗೆ ಹಚ್ಚುವಳು, ಆಮೇಲೆ ಹರಿದು ಚೀಟಿ ತೆಗೆಯುವಳು. ಬೇಸಿಗೆ ಹತ್ತಿದಾಗ ಬಂದ ಹೊಸ ಡಬ್ಬಿಯಲ್ಲಿ ಲಕೋಟೆ ಇರಲಿಲ್ಲ, ಬಿಡಿ ಚೀಟಿಗಳನ್ನೇ ಪೇರಿಸಿ ಇಟ್ಟಿದ್ದರು. ಬೋಣಿ ಬಿಡಲಾದೀತೆ? ದಿನದ ಮೊದಲ ಚೀಟಿಯ ಬಾಲಕ್ಕೇ ಅಕ್ಕನ ಬೆರಳು ಮುಟ್ಟತೊಡಗಿತು. ಇದು ನನಗೆ ಆಮೇಲೆ ಹೊಳೆದದ್ದು. ಆಗ ಯಾರ ಕಣ್ಣಿಗೂ ಬೀಳಲಿಲ್ಲ.

ಕೆಂಪಾಯಿತು, ಸುಗಲಾಬಾಯಿಯ ಚೀಟಿ.

ಮೊದಲ ಸಲ ಅವಳೇ ನಕ್ಕಳು. "ನಿನ್ನ ಹೂವ ನಾಚ್ಕೊಂಡದ ಗುರುಬಾಯಿ," ಅಂದಳು. ಕ್ಯಾನಿಗೆ ಸಾಬೂನು ಉಳಿದಿರಬೇಕು ಎಂದು ಮನೆಗೆ ಹೋಗಿ ಕುದಿವ ನೀರು ಹಾಕಿ ತೊಳೆದಳು. ಎರಡನೆಯ ಸಲ ನಗಲಿಲ್ಲ. ಮೂರನೆಯ ಬೆಳಿಗ್ಗೆಯೂ ಎಸಳು ಕೆಂಪಾಯಿತು.

"ಸುಗಲಾ, ನಾಳಿಂದ ನಿನ್ನ ಹಾಲು ಕಟ್ಟಿಗಿ ಬ್ಯಾಡ," ಅಂದಳು ಅಕ್ಕ.

"ನನ್ನ ಮಾರಿ ನೋಡಿ ಹೇಳ ಗುರುಬಾಯಿ. ನಾ ಹಾಲಿಗಿ ಸೋಡಾ ಹಾಕಾಕಿ ಏನ?"

ಅಕ್ಕ ಮಾರಿ ನೋಡಲಿಲ್ಲ. ಚೀಟಿಯನ್ನೇ ನೋಡುತ್ತ, "ನಾ ಏನ ಹೇಳಲಿ. ಅದ ಹೇಳಾಕತ್ತದಲ್ಲ," ಅಂದಳು.

ಸುಗಲಾಬಾಯಿ ಕ್ಯಾನನ್ನು ಬಗಲಿಗೆ ಎತ್ತಿಕೊಂಡಳು. ಸೆರಗು ಸರಿಮಾಡಿಕೊಂಡು ಹೋದಳು. ನನಗೆ ಅಕ್ಕನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅಲ್ಲೇ ಏನಾದರೂ ಅಂದುಬಿಡಬೇಕಿತ್ತು. ಆದರೆ ಮೈದುನನನ್ನೇ ಬಿಡದವಳು ಗೆಳತಿಯನ್ನು ಬಿಟ್ಟಾಳೆಯೇ ಎಂದು ಸುಮ್ಮನಾದೆ.

ಊರು ಸುಮ್ಮನಿರುತ್ತದೆಯೇ? ಸಂಜೆಯ ಹಾಲು ಎಂದೂ ಕೆಂಪಾಗಿರಲಿಲ್ಲ, ಬೆಳಗಿನದು ಮಾತ್ರ ಆಗಿತ್ತು. ಅದಕ್ಕೂ ಒಂದು ಅರ್ಥ ಹುಟ್ಟಿಸಿದರು. "ರಾತ್ರಿ ಹಿಂಡಿದ್ದನ್ನ ಸೋಡಾ ಹಾಕಿ ಇಟ್ಟು ಬೆಳಿಗ್ಗಿ ಹಾಲಿನಾಗ ಕೂಡಸ್ತಾಳಂತ." ಅಂತೆ ಅಂತೆ ಎಂದುಕೊಂಡೇ ಅದು ಒಂದೇ ದಿನದಲ್ಲಿ ಅಕ್ಕಲಕೋಟೆ ತನಕ ಹೋಯಿತು. ಅಲ್ಲಿಯ ಹೋಟೆಲಿನವನು, ಡೇರಿ ಒಲ್ಲೆ ಅಂದ ಹಾಲು ನನಗ್ಯಾಕೆ ಎಂದು ಅವಳ ಕ್ಯಾನನ್ನು ತಿರುಗಿಸಿ ಕಳಿಸಿದನಂತೆ. ಸುಗಲಾಬಾಯಿ ಹಾಲನ್ನು ಕಾಯಿಸಿ ಹೆಪ್ಪು ಹಾಕಿ ಮನೆಯಲ್ಲೇ ತುಪ್ಪ ಮಾಡತೊಡಗಿದಳು. ಸೋಮವಾರ ಗುಡಿಗೆ ಬರಲಿಲ್ಲ. ನನ್ನನ್ನು ಎದುರು ಕಂಡು ಓಣಿ ಬದಲಿಸಿದಳು. ನಾಲ್ಕು ಜನರ ನಡುವೆ ತಲೆ ಎತ್ತಿ ನಡೆದವಳು, ಒಂದು ತುಂಡು ಕಾಗದದಿಂದ ಕಳ್ಳಿಯಾದಳು.

ಎರಡೇ ದಿನದಲ್ಲಿ ಅಕ್ಕನೂ ಬತ್ತಿಹೋದಳು. ರೊಟ್ಟಿ ಬಡಿಯುತ್ತ ಕೂತವಳು ಹಾಗೇ ಕೈ ನಿಲ್ಲಿಸಿಬಿಡುವಳು, ಹೆಂಚಿನ ಮೇಲಿನ ರೊಟ್ಟಿ ಕರಿಯಾಗುವುದು. "ಅಕ್ಕಾ, ಒಮ್ಮಿ ಹೋಗಿ ಮಾತಾಡಿಸಿ ಬರ್ರಿ" ಅಂದರೆ, "ಏನಂತ ಮಾತಾಡಸ್ಲಿ? ಹಾಕೀ ಅಂತ ಕೇಳ್ಲ್ಯೋ, ಹಾಕಿಲ್ಲ ಅಂತ ಹೇಳ್ಲ್ಯೋ?" ಎಂದು ನನ್ನನ್ನೇ ಕೇಳುವಳು. 

ಸುಗಲಾಬಾಯಿ ಬಿಟ್ಟ ಮೊದಲ ಜಾಗಕ್ಕೆ ಯಾರೂ ಬರಲೊಲ್ಲರು, ತಮ್ಮ ಹೂವೂ ಕೆಂಪಾದರೆ ಎಂಬ ಅಂಜಿಕೆ. ಅವಳು ಹೋದ ಮಾರನೆಯ ಬೆಳಿಗ್ಗೆಯೇ ಕ್ಯಾನು ಹಿಡಿದವರು ಸಾಲಾಗಿ ನಿಂತು "ನೀ ಹೋಗು, ನೀ ಹೋಗು" ಎಂದು ಒಬ್ಬರನ್ನೊಬ್ಬರು ದೂಡಿಕೊಂಡು ಹೊತ್ತು ಏರಿಸಿದರು. ಕೊನೆಗೆ ಯಾರೋ ಹೆಂಗಸು ಕೆಮ್ಮು ಬಂದವಳಂತೆ ತನ್ನ ಕ್ಯಾನನ್ನು ಹಾಗೇ ಎತ್ತಿಕೊಂಡು ವಾಪಸು ಹೋದಳು, ಅವಳ ಹಿಂದೆ ಉಳಿದವರೂ ಹೋದರು, ಆ ಬೆಳಿಗ್ಗೆ ಟೆಂಪೋ ಖಾಲಿ ಹೋಯಿತು. ಅದರ ಮರುದಿನ ನನಗೆ ತಡೆಯಲಾಗಲಿಲ್ಲ. ಮನೆಯವಳು ನಾನು, ನನಗೇನು ಭಯ? ನಮ್ಮ ಎಮ್ಮೆಯ ಹಾಲು ತಂದು ಅಕ್ಕನ ಮುಂದೆ ಕುಕ್ಕಿದೆ.

ಅಕ್ಕ ಬೋಣಿ ಮಾಡಿದಳು. ಚೀಟಿ ತೆಗೆದಳು. ಹನಿ ಬಿಟ್ಟಳು. ಹಾಲು ಎಂದಿನಂತೆ ನಡೆದುಕೊಂಡು ಹೋಗಿ ಹೂವು ತುಂಬಿತು. ಸೋಡಾದ ಎಸಳು ಕೆಂಪಾಯಿತು.

"ನೀಲಗಂಗಾ..." ಅಂದಳು ಅಕ್ಕ.

ನನ್ನ ನೆತ್ತಿಗೆ ಬೆಂಕಿ ಬಿತ್ತು. "ಏನ ನೀಲಗಂಗಾ? ಏನಂತೀರಿ? ನಾ ಸೋಡಾ ಹಾಕೀನಿ? ಈಗ ಹಿಂಡ್ಕೊಂಡ ಬಂದೀನಿ, ಬುರುಗ ಇನ್ನಾ ಆರಿಲ್ಲ!"

"ಒದರಬ್ಯಾಡ. ಚೀಟಿಗಿ ನೆಗೆಣ್ಣಿ ಯಾರು, ಗೆಳತಿ ಯಾರು ತಿಳ್ಯಂಗಿಲ್ಲ."

"ಹಂಗಾದ್ರ ಆ ಚೀಟಿನ ಸುಳ್ಳ!" ಎಂದು ನಾನು ಡಬ್ಬಿಗೆ ಕೈ ಹಾಕಿದೆ. ಅದೇ ಕ್ಯಾನು, ಅದೇ ಹಾಲು. ನಾನೇ ಒಂದು ಚೀಟಿ ತೆಗೆದು ಹನಿ ಬಿಟ್ಟೆ. ಸಾಲಿನಲ್ಲಿದ್ದವರು ಕ್ಯಾನು ಕೆಳಗಿಟ್ಟು ಕಟ್ಟೆ ಹತ್ತಿದರು. ಬಿಟ್ಟಿ ನಾಟಕ ಯಾರಿಗೆ ಬೇಡ? ಎಸಳುಗಳು ತುಂಬಿದವು. ಹಳದಿ ಹಳದಿಯಾಗಿಯೇ ಉಳಿಯಿತು.

"ನೋಡ್ರಿ! ಎಲ್ಲಾರೂ ನೋಡ್ರಿ!" ಎಂದು ಕೂಗಿದೆ.

ಅಕ್ಕ ಇನ್ನೊಂದು ಚೀಟಿ ತೆಗೆದುಕೊಂಡಳು. ಬಾಲವನ್ನು ಮೂರು ಬೆರಳಲ್ಲಿ ಹಿಡಿದು ಹನಿ ಬಿಟ್ಟಳು. ಕೆಂಪು.

ಅದೇ ಹಾಲು, ನನ್ನ ಕೈಯಲ್ಲಿ ಹಳದಿ, ಅವಳ ಕೈಯಲ್ಲಿ ಕೆಂಪು. ನಾನು ಜಗಳ ಮರೆತು ಅವಳ ಬೆರಳನ್ನೇ ನೋಡಿದೆ. ತುದಿಗಳು ಬೆಳ್ಳಗಿದ್ದವು. ಚೀಟಿಯ ಬಾಲದ ಮೇಲೂ ಬೆಳ್ಳನೆಯ ಪುಡಿ ಅಂಟಿತ್ತು.

"ಅಕ್ಕಾ, ಈಬತ್ತಿ," ಅಂದೆ. ದನಿ ನನಗರಿವಿಲ್ಲದೆ ಸಣ್ಣದಾಗಿತ್ತು. ಈಬತ್ತಿ ಅಂದರೆ ನಮ್ಮ ಕಡೆ ವಿಭೂತಿ.

ಅಕ್ಕನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೂ ಒಪ್ಪಲಿಲ್ಲ. "ನೀರಾಗ ಕಲಸಿ ಹಾಕಿ ನೋಡು. ಬರೇ ನೀರು. ಹಾಲು ಬ್ಯಾಡ," ಅಂದಳು. ನಾನು ಬಟ್ಟಲಲ್ಲಿ ಚಿಟಿಕೆ ವಿಭೂತಿ ಕಲಸಿ ಹನಿ ಬಿಟ್ಟೆ. ಎಸಳು ಎಲ್ಲಕ್ಕಿಂತ ಗಾಢವಾಗಿ ಕೆಂಪಾಯಿತು. ಅವಿನಾಶನಿಗೆ ಫೋನು ಹಚ್ಚಿ ಕೇಳಿದೆವು. ಬೂದಿಗೂ ಸೋಡಾಕ್ಕೂ ಗುಣ ಒಂದೇ, ಚೀಟಿಗೆ ಅವೆರಡರ ಫರಕು ತಿಳಿಯುವುದಿಲ್ಲ ಅಂದ. ಎರಡನೆಯ ಹಾಲಿನ ಹೊತ್ತಿಗೆ ಅಕ್ಕನ ಬೆರಳು ಹಾಲಿನಲ್ಲಿ ನೆಂದು ಟಾವೆಲಿಗೆ ಒರೆಸಿ ಹೋಗಿರುತ್ತಿತ್ತು. ಸಂಜೆ ಪೂಜೆಯೇ ಇರಲಿಲ್ಲ. ಹೀಗಾಗಿ ಪೆಟ್ಟು ತಿಂದವಳು ಮೊದಲು ಬರುವ ಸುಗಲಾಬಾಯಿ ಒಬ್ಬಳೇ.

ಅಕ್ಕ ಕಟ್ಟೆಯ ಮೇಲೆ ಕುಸಿದು ಕೂತಳು. "ಪೂಜಿ ಮಾಡಿದ ಕೈಯ... ಪೂಜಿ ಮಾಡಿದ ಕೈಯ..." ಎಂದು ಅದನ್ನೇ ಅಂದಳು. ಅಷ್ಟು ವರ್ಷದಲ್ಲಿ ಅವಳು ಅತ್ತದ್ದು ನಾನು ಕಂಡಿರಲಿಲ್ಲ. ನನಗೂ ಅಳು ಬಂತು. ಅವತ್ತಿನ ಹಾಲನ್ನೆಲ್ಲ ನಾನೇ ಅಳೆದೆ.

ಸಂಜೆ ಇಬ್ಬರೂ ಸುಗಲಾಬಾಯಿಯ ಮನೆಗೆ ಹೋದೆವು. ಅವಳು ಅಂಗಳದಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ನಮ್ಮನ್ನು ಕಂಡೂ ಕಲಸುತ್ತಲೇ ಇದ್ದಳು. ಅಕ್ಕ ನಿಂತೇ ಎಲ್ಲ ಹೇಳಿದಳು. ಚೀಟಿ, ವಿಭೂತಿ, ಬೋಣಿ, ಒಂದೂ ಬಿಡಲಿಲ್ಲ. "ತಪ್ಪ ಆತು ಸುಗಲಾ" ಎಂದು ಅವಳ ಕೈ ಹಿಡಿಯಲು ಹೋದಳು.

ಸುಗಲಾಬಾಯಿ ಹಿಂಡಿ ಮೆತ್ತಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ನನ್ನ ಮಾನ ಹೋಗಿದ್ದು ನಿನ್ನ ಕಟ್ಟಿ ಮ್ಯಾಲ, ಗುರುಬಾಯಿ. ನನ್ನ ಅಂಗಳದಾಗ ಬಂದು ಯಾಕ ಹುಡಕಾಕತ್ತೀ?"

ಅಕ್ಕ ಮನೆಯ ಕಡೆ ತಿರುಗಿದಳು. ದಾರಿಯಲ್ಲಿ ನಾನು, "ಇಷ್ಟ ಹೇಳಿದ ಮ್ಯಾಲೂ ಹಿಂಗಂತಾಳಲ್ರಿ" ಎಂದೆ. "ಖರೇ ಅಂದಾಳ," ಅಂದಳು ಅಕ್ಕ, "ನೀ ಸುಮ್ನ ನಡಿ."

ಬೆಳಿಗ್ಗೆ ಅಕ್ಕ ಪೂಜೆ ಮುಗಿಸಿ ಹಿತ್ತಲಿಗೆ ಹೋಗಿ ಕೈ ತೊಳೆದಳು. ತಿಕ್ಕಿ ತಿಕ್ಕಿ, ಉಗುರಿನ ಸಂದೂ ಬಿಡದೆ. ಹಣೆಯ ಮೇಲಿನ ವಿಭೂತಿ ಹಾಗೇ ಇತ್ತು. ಆಮೇಲೆ ಕಟ್ಟೆಗೆ ಬರಲಿಲ್ಲ, ಹಿಂದಿನ ಓಣಿಗೆ ಹೋದಳು. ಸಾಲು ನಿಂತವರು ಕಾದರು. ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಲ್ಲಿ ಅವಳು ಕಾಣಿಸಿದಳು, ತಲೆಯ ಮೇಲೆ ಸುಗಲಾಬಾಯಿಯ ಹಾಲಿನ ಕ್ಯಾನು. ನಮ್ಮ ವಾಡೆಯ ಹಿರಿಸೊಸೆ, ನಮ್ಮ ಹೊಲದ ಬುತ್ತಿಯನ್ನೂ ಆಳುಗಳ ತಲೆಯ ಮೇಲೆ ಕಳಿಸುವವಳು, ಇನ್ನೊಬ್ಬರ ಮನೆಯ ಕ್ಯಾನು ಹೊತ್ತು ಊರ ನಡುವೆ ಬಂದಳು. ಹಿಂದೆ ಸುಗಲಾಬಾಯಿ, ಸೆರಗು ಬಾಯಿಗೆ ಹಿಡಿದುಕೊಂಡು. ಚನ್ನವೀರಪ್ಪ ಮಾವ ಬಾಗಿಲಿಗೆ ಬಂದು ನಿಂತು ನೋಡಿದರು.

ಕಟ್ಟೆಯ ಮೇಲೆ ಕ್ಯಾನು ಇಳಿಸಿ ಅಕ್ಕ ಒಂದು ಚೀಟಿ ತೆಗೆದಳು. ಅಂಚು ಹಿಡಿದು ಹನಿ ಬಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಹೂವು ತುಂಬಿತು, ಹಳದಿ ಬದಲಾಗಲಿಲ್ಲ. ಅಕ್ಕ ಚೀಟಿಯನ್ನು ಎತ್ತಿ ಹಿಡಿದಳು.

"ಸುಗಲಾನ ಹಾಲು ಮೊದ್ಲಿಂದ ಛಲೋ ಇತ್ತು," ಅಂದಳು, ಓಣಿಯ ಆ ತುದಿಯವರಿಗೂ ಕೇಳುವ ಹಾಗೆ. "ಹೊಲಸಿದ್ದದ್ದು ನನ್ನ ಕೈ."

 ವಿಭೂತಿ ಹಚ್ಚಿದ ಕೈಗೆ ಹೊಲಸು ಎನ್ನುವುದೇ? ಅದೂ ಗುರುಬಾಯಿಯ ಬಾಯಿಂದ!  ಸುಗಲಾಬಾಯಿ ಹಾರಿದಂತೆ ಮುಂದೆ ಬಂದು ಅಕ್ಕನ ಬಾಯಿಗೆ ಅಂಗೈ ಒತ್ತಿದಳು.

"ಅನಬ್ಯಾಡ. ಹಂಗ ಅನಬ್ಯಾಡ," ಅಂದಳು. "ಕೈ ಹೊಲಸ ಇರಲಿಲ್ಲ ಗುರುಬಾಯಿ. ನೀ ನನ್ನ ಮಾರಿ ನೋಡಲಿಲ್ಲ ಅವತ್ತ. ನನಗ ಅಷ್ಟ ಸಂಕಟ ಆಗಿದ್ದು."

ಅಕ್ಕ ಆಗ ನೋಡಿದಳು. ಇಬ್ಬರೂ ಹಾಗೇ ನಿಂತಿದ್ದರು, ಒಬ್ಬಳ ಅಂಗೈ ಇನ್ನೊಬ್ಬಳ ಬಾಯಿಯ ಮೇಲೆ, ಇಬ್ಬರ ಕಣ್ಣಲ್ಲೂ ನೀರು. ಟೆಂಪೋದವನು ತಿರುವಿನಲ್ಲಿ ಹಾರ್ನ್ ಹಾಕತೊಡಗಿದ. ನಾನು ಮಾಪು ತೆಗೆದುಕೊಂಡು ಸುಗಲಾಬಾಯಿಯ ಹಾಲನ್ನು ಎಲ್ಲರಿಗಿಂತ ಮೊದಲು ಅಳೆದು ಸುರಿದೆ.